ಫೆಸಿಲಿಟಿ ಮ್ಯಾನೇಜ್‌ಮೆಂಟ್‌ಗೆ ಆನ್‌ಲೈನ್ ಸ್ನಾತಕೋತ್ತರ ಕೋರ್ಸ್: ಏನು ಕಲಿಸಬೇಕು, ಹೇಗೆ ಕಲಿಸಬೇಕು?

ಪಠ್ಯದ_ಮೇಜು
ಎಲ್ಲರಿಗೂ ನಮಸ್ಕಾರ. ನಾನು ರಾಜ್ಯದ ಒಂದು ವಿಶ್ವವಿದ್ಯಾಲಯದ ಪಠ್ಯಕ್ರಮ ತಂಡದಲ್ಲಿದ್ದೇನೆ. ಫೆಸಿಲಿಟಿ ಮ್ಯಾನೇಜ್‌ಮೆಂಟ್‌ನಲ್ಲಿ, ಅಂದರೆ ದೊಡ್ಡ ಕಟ್ಟಡಗಳನ್ನು ನಡೆಸಿಕೊಂಡು ಹೋಗುವ ಕಸುಬಿನಲ್ಲಿ, ಈಗಾಗಲೇ ಕೆಲಸ ಮಾಡುತ್ತಿರುವವರಿಗಾಗಿ ಎರಡು ವರ್ಷದ ಆನ್‌ಲೈನ್ ಸ್ನಾತಕೋತ್ತರ ಕೋರ್ಸ್ ಶುರು ಮಾಡುವ ಯೋಚನೆ ಇದೆ. ಟೆಕ್ ಪಾರ್ಕ್, ಆಸ್ಪತ್ರೆ, ಮಾಲ್, ವಿಮಾನ ನಿಲ್ದಾಣ, ದೊಡ್ಡ ಅಪಾರ್ಟ್‌ಮೆಂಟ್ ನೋಡಿಕೊಳ್ಳುವವರು ನಮ್ಮ ವಿದ್ಯಾರ್ಥಿಗಳಾಗಬೇಕು ಅನ್ನುವುದು ಆಸೆ.

ವಿಶ್ವವಿದ್ಯಾಲಯಗಳನ್ನು ನಿಯಂತ್ರಿಸುವ ಯುಜಿಸಿಯ 2020ರ ನಿಯಮದಂತೆ ಎಂಜಿನಿಯರಿಂಗ್ ಪದವಿಯನ್ನು ಪೂರ್ತಿ ಆನ್‌ಲೈನ್‌ನಲ್ಲಿ ಕೊಡುವಂತಿಲ್ಲ. ಹಾಗಾಗಿ ಮ್ಯಾನೇಜ್‌ಮೆಂಟ್ ವಿಭಾಗದಲ್ಲಿ ತರುತ್ತಿದ್ದೇವೆ. ಮೊದಲ ಕರಡಿನಲ್ಲಿ ಕಟ್ಟಡ ಸೇವೆಗಳು, ಇಂಧನ, ಹಣಕಾಸು, ಕಾನೂನು, ಯೋಜನಾ ನಿರ್ವಹಣೆ, ಪರಿಸರ ಇವೆ. ಶನಿವಾರ ಸಂಜೆ ಮತ್ತು ಭಾನುವಾರ ಬೆಳಿಗ್ಗೆ ಲೈವ್ ತರಗತಿ. ಕೊನೆಯ ಸೆಮಿಸ್ಟರ್‌ನಲ್ಲಿ ಒಂದು ಪ್ರಾಜೆಕ್ಟ್.

ಇದನ್ನು ಬರೆದವರು ನಾವು ನಾಲ್ಕು ಜನ ಮೇಷ್ಟ್ರುಗಳು. ಸೈಟ್‌ನಲ್ಲಿ ಇರುವವರು ನೀವು. ಈ ಕರಡಿನಲ್ಲಿ ಏನು ಸರಿ ಇಲ್ಲ, ದಯವಿಟ್ಟು ನೇರವಾಗಿ ಹೇಳಿ. ಯಂತ್ರ ಮುಟ್ಟದೆ ಕಲಿಯಲು ಆಗುತ್ತಾ ಅನ್ನುವ ಪ್ರಶ್ನೆಯೂ ನಮ್ಮನ್ನು ಕಾಡುತ್ತಿದೆ.

ಬೆಳ್ಳಂದೂರು_ಎಫ್‌ಎಂ
ಮೊದಲು ಆ ಭಾನುವಾರದ ತರಗತಿ ತೆಗೆದುಹಾಕಿ ಸರ್. ನಮ್ಮ ಕಸುಬಿನಲ್ಲಿ ಭಾನುವಾರ ಅಂದರೆ ಶಟ್‌ಡೌನ್ ದಿನ. ಆಫೀಸು ಖಾಲಿ ಇದ್ದಾಗಲೇ ಎಚ್‌ಟಿ (ಹೈ ಟೆನ್ಷನ್ ಕರೆಂಟ್) ಪ್ಯಾನೆಲ್ ಸರ್ವಿಸ್, ಟ್ಯಾಂಕ್ ಕ್ಲೀನಿಂಗ್, ಗಾಜು ಒರೆಸುವ ಕೆಲಸ, ಯುಪಿಎಸ್ ಬ್ಯಾಟರಿ ಬದಲಾಯಿಸುವುದು. ದಸರಾ, ದೀಪಾವಳಿಗೆ ಎಲ್ಲರೂ ಊರಿಗೆ ಹೋದರೆ ನಾವು ಪ್ಲಾಂಟ್ ರೂಮಿನಲ್ಲಿ. ಬೇರೆ ಎಂಬಿಎ ವಿದ್ಯಾರ್ಥಿಗಳಿಗೆ ವಾರಾಂತ್ಯ ಅನುಕೂಲ. ನಮಗೆ ಅದೇ ಅತಿ ಕೆಟ್ಟ ಸಮಯ.

ಸಂಜೆ ಏಳು ಗಂಟೆಯೂ ಬೇಡ. ಸೆಕೆಂಡ್ ಶಿಫ್ಟ್‌ನ ತಲೆನೋವೆಲ್ಲ ಆಗಲೇ ಬರುವುದು. ಮಂಗಳವಾರ ಅಥವಾ ಬುಧವಾರ ಮಧ್ಯಾಹ್ನ ಮೂರರ ಸುಮಾರಿಗೆ ಒಂದು ಗಂಟೆ ಇಡಿ. ಊಟದ ಗಲಾಟೆ ಮುಗಿದಿರುತ್ತದೆ. ಉಳಿದದ್ದು ರೆಕಾರ್ಡಿಂಗ್.

ನೈಟ್‌ಶಿಫ್ಟ್
ರೆಕಾರ್ಡಿಂಗ್ 15 ನಿಮಿಷಕ್ಕಿಂತ ಜಾಸ್ತಿ ಇದ್ದರೆ ಯಾರೂ ನೋಡಲ್ಲ. ಅಷ್ಟರಲ್ಲಿ ವಾಕಿಟಾಕಿ ಕೂಗಿರುತ್ತದೆ.

ಚಿಲ್ಲರ್_ಪ್ಲಾಂಟ್
ಯಂತ್ರ ಮುಟ್ಟದೆ ಕಲಿಯಲು ಆಗುತ್ತಾ ಅಂತ ಕೇಳಿದ್ದೀರಿ. ಸರ್, ನಿಮ್ಮ ವಿದ್ಯಾರ್ಥಿ ದಿನಾ ಯಂತ್ರದ ಮುಂದೆಯೇ ನಿಂತಿರುತ್ತಾನೆ. ಯಾವ ಕಾಲೇಜಿನಲ್ಲಿ 500 ಟನ್ ಚಿಲ್ಲರ್ (ಎಸಿಗೆ ನೀರು ತಂಪು ಮಾಡುವ ಯಂತ್ರ) ಇದೆ ಹೇಳಿ? ಅವನ ಕಟ್ಟಡದಲ್ಲಿದೆ. ಅದನ್ನೇ ಪ್ರಯೋಗಶಾಲೆ ಮಾಡಿ. ಕೋರ್ಸ್ ಪೂರ್ತಿ ಅದರ ಸುತ್ತ ಕಟ್ಟಿ.

ಉದಾಹರಣೆ ಕೊಡುತ್ತೇನೆ. ಹೆಚ್ಚಿನ ಸೈಟ್‌ಗಳಲ್ಲಿ ಆಪರೇಟರ್ ಗಂಟೆಗೊಮ್ಮೆ ರೀಡಿಂಗ್ ಬರೆಯುತ್ತಾನೆ. ಹೋಗುವ ನೀರಿನ ಉಷ್ಣತೆ, ಬರುವ ನೀರಿನ ಉಷ್ಣತೆ, ಆಂಪಿಯರ್, ಒತ್ತಡ. ಆ ಪುಸ್ತಕವನ್ನು ಆಮೇಲೆ ಯಾರೂ ತೆಗೆದು ನೋಡುವುದಿಲ್ಲ. ಈಗ ಲೆಕ್ಕ ಹಾಕಿ. ಗಂಟೆಗೆ 200 ಘನ ಮೀಟರ್ ನೀರು ಹರಿಯುತ್ತಿದೆ, ಉಷ್ಣತೆಯ ವ್ಯತ್ಯಾಸ 5 ಡಿಗ್ರಿ. ಅಂದರೆ ಸುಮಾರು 1163 ಕಿಲೋವ್ಯಾಟ್ ತಂಪು, ಒಂದು ಟನ್ ತಂಪು ಅಂದರೆ 3.517 ಕಿಲೋವ್ಯಾಟ್, ಅದರಿಂದ ಭಾಗಿಸಿದರೆ ಸುಮಾರು 330 ಟನ್. ಚಿಲ್ಲರ್ ಆಗ 215 ಕಿಲೋವ್ಯಾಟ್ ಕರೆಂಟ್ ತಿನ್ನುತ್ತಿದ್ದರೆ ಟನ್ನಿಗೆ 0.65 ಕಿಲೋವ್ಯಾಟ್. ಅದೇ ಹರಿವಿನಲ್ಲಿ ವ್ಯತ್ಯಾಸ 3 ಡಿಗ್ರಿಗೆ ಇಳಿದರೆ ಸಿಗುವುದು 200 ಟನ್ ಸಹ ಇಲ್ಲ, ಪಂಪ್ ಮಾತ್ರ ಮೊದಲಿನಷ್ಟೇ ತಿನ್ನುತ್ತದೆ. ಎಲ್ಲಿ ತಪ್ಪಾಗುತ್ತಿದೆ? ಎಎಚ್‌ಯು (ಗಾಳಿ ತಂಪು ಮಾಡಿ ಹರಡುವ ಯಂತ್ರ) ಕಾಯಿಲ್‌ನಲ್ಲಿ ಕೊಳೆಯೋ, ವಾಲ್ವ್ ಪೂರ್ತಿ ತೆರೆದು ಕೂತಿದೆಯೋ, ಬೈಪಾಸ್‌ನಲ್ಲಿ ನೀರು ಸುಮ್ನೆ ತಿರುಗುತ್ತಿದೆಯೋ? ಒಬ್ಬ ವಿದ್ಯಾರ್ಥಿ ತನ್ನ ಕಟ್ಟಡದ ಒಂದು ತಿಂಗಳ ಲಾಗ್ ತೆಗೆದು ಇದನ್ನು ಹುಡುಕಿದರೆ ಅವನು ಕಲಿತಂತೆ. ಅದಕ್ಕೆ ಬೇಕಿರುವುದು ಎಕ್ಸೆಲ್ ಮತ್ತು ಕೇಳುವವರು ಒಬ್ಬರು.

ಉಡುಪಿ_ಟು_ದುಬೈ
@ಚಿಲ್ಲರ್_ಪ್ಲಾಂಟ್ ಸರಿಯಾಗಿ ಹೇಳಿದಿರಿ. ಆದರೆ ಲಾಗ್ ಬುಕ್ ನಿಜ ಇರಬೇಕಲ್ಲ ಮಾರಾಯ್ರೆ! ಎಷ್ಟೋ ಕಡೆ ರಾತ್ರಿ ಎರಡರ, ಮೂರರ, ನಾಲ್ಕರ ರೀಡಿಂಗನ್ನು ಐದು ಗಂಟೆಗೆ ಒಟ್ಟಿಗೆ ಬರೆಯುತ್ತಾರೆ.

ಚಿಲ್ಲರ್_ಪ್ಲಾಂಟ್
ಅದನ್ನು ಪತ್ತೆ ಮಾಡುವುದೇ ಮೊದಲ ಅಸೈನ್‌ಮೆಂಟ್ ಆಗಲಿ. ರೀಡಿಂಗ್ ಬರೆದು ಏನಾಗುತ್ತದೆ ಅಂತ ಆಪರೇಟರ್‌ಗೆ ಗೊತ್ತಿಲ್ಲದಿದ್ದರೆ ಅವನು ಯಾಕೆ ಎದ್ದು ಹೋಗಿ ನೋಡಬೇಕು? ಮೇಲಿನವರು ಒಂದು ದಿನ ಆ ಅಂಕಿಗಳನ್ನು ಇಟ್ಟುಕೊಂಡು ಅವನ ಜೊತೆ ಮಾತಾಡಿದರೆ ಮಾರನೇ ದಿನದಿಂದ ಸರಿಯಾಗುತ್ತದೆ.

ಮಾಲ್_ಆಪರೇಷನ್ಸ್
ಕ್ಲೈಂಟ್ ಡೇಟಾ ಹೊರಗೆ ಕೊಟ್ಟರೆ ಕೆಲಸ ಹೋಗುತ್ತೆ. ಮಾಹಿತಿ ಹೊರಗೆ ಬಿಡಲ್ಲ ಅಂತ ಎನ್‌ಡಿಎ ಸಹಿ ಮಾಡಿರುತ್ತೇವೆ. ಇದಕ್ಕೆ ಏನು ಮಾಡ್ತೀರಿ?

ಪಠ್ಯದ_ಮೇಜು
ಇದು ನಾವು ಯೋಚಿಸಿಯೇ ಇರದ ತೊಡಕು. ಕಟ್ಟಡದ ಹೆಸರು, ಊರು, ಕಂಪನಿ ಇಲ್ಲದೆ ಬರೀ ಅನುಪಾತ ಕೊಟ್ಟರೆ ಸಾಕಾಗುತ್ತಾ? ಚದರ ಅಡಿಗೆ ಎಷ್ಟು ಯೂನಿಟ್, ಟನ್ನಿಗೆ ಎಷ್ಟು ಕಿಲೋವ್ಯಾಟ್, ತಲೆಗೆ ಎಷ್ಟು ಲೀಟರ್ ನೀರು, ಹೀಗೆ.

ಮಾಲ್_ಆಪರೇಷನ್ಸ್
ಅನುಪಾತಕ್ಕೆ ಯಾರೂ ಅಡ್ಡ ಬರಲಿಕ್ಕಿಲ್ಲ. ಆದರೂ ವಿಶ್ವವಿದ್ಯಾಲಯದ ಲೆಟರ್‌ಹೆಡ್‌ನಲ್ಲಿ ಕ್ಲೈಂಟ್‌ಗೆ ಒಂದು ಪತ್ರ ಬರಲಿ. ವಿದ್ಯಾರ್ಥಿ ತಾನೇ ಹೋಗಿ ಕೇಳಿದರೆ ಅನುಮಾನ ಪಡುತ್ತಾರೆ.

ಸಾಫ್ಟ್‌ಸರ್ವಿಸ್_ಅಕ್ಕ
ಚಿಲ್ಲರ್, ಡಿಜಿ (ಡೀಸೆಲ್ ಜನರೇಟರ್), ಪಂಪ್. ಯಾವಾಗಲೂ ಇದೇ ಮಾತು. ನನ್ನ ಕೈಕೆಳಗೆ ಹೌಸ್‌ಕೀಪಿಂಗ್, ಪ್ಯಾಂಟ್ರಿ, ತೋಟ, ಪೆಸ್ಟ್ ಕಂಟ್ರೋಲ್ ಎಲ್ಲ ಸೇರಿ ದೊಡ್ಡ ತಂಡ ಇದೆ. ರಾಯಚೂರು, ಕಲಬುರಗಿ ಕಡೆಯವರು ಅರ್ಧ, ಒಡಿಶಾ, ಅಸ್ಸಾಂ, ಬಂಗಾಳದವರು ಅರ್ಧ. ಕಟ್ಟಡ ನಡೆಯುವುದು ಇವರಿಂದ. ನಿಮ್ಮ ಕರಡಿನ ಆರು ವಿಷಯಗಳಲ್ಲಿ ಇವರು ಎಲ್ಲಿದ್ದಾರೆ?

ನನಗೆ ಬೇಕಿರುವ ಪಾಠ ಹೇಳುತ್ತೇನೆ. ಒಂದು ಮಹಡಿಗೆ ಎಷ್ಟು ಜನ ಬೇಕು ಅಂತ ಲೆಕ್ಕ ಹಾಕುವುದು ಹೇಗೆ? ಈಗ ನಡೆಯುವುದು ಏನೆಂದರೆ, ಹೋದ ವರ್ಷ ಇಷ್ಟಿತ್ತು, ಕ್ಲೈಂಟ್ ಹತ್ತು ಪರ್ಸೆಂಟ್ ಕಡಿಮೆ ಮಾಡಿ ಅಂದರು, ಮಾಡಿದೆವು. ಶೌಚಾಲಯ ಎಷ್ಟಿವೆ, ಎಷ್ಟು ಜನ ಬಳಸುತ್ತಾರೆ, ಒಂದು ಸಲ ತೊಳೆಯಲು ಎಷ್ಟು ನಿಮಿಷ ಅಂತ ಅಳೆದು ಹೇಳಿದರೆ ಕ್ಲೈಂಟ್ ಮುಂದೆ ವಾದ ಮಾಡಬಹುದು. ಅಳತೆ ಇಲ್ಲದ ಕಡೆ ಬೆನ್ನು ಮುರಿಯುವುದು ಆ ಹೆಣ್ಣುಮಕ್ಕಳದು.

ಎರಡನೆಯದು ಕಾನೂನು. ಪಿಎಫ್, ಇಎಸ್‌ಐ, ಕನಿಷ್ಠ ವೇತನ. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಮುಖ್ಯ ಮಾಲೀಕರೇ ಕೊಡಬೇಕು ಅನ್ನುವುದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲೇ ಇತ್ತು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲೂ ಆ ಹೊಣೆ ಹೋಗಿಲ್ಲ. ಎಷ್ಟು ಫೆಸಿಲಿಟಿ ಮ್ಯಾನೇಜರ್‌ಗಳಿಗೆ ಇದು ಗೊತ್ತು? ಬಿಲ್ ಪಾಸ್ ಮಾಡುವಾಗ ಪಿಎಫ್, ಇಎಸ್‌ಐ ಕಟ್ಟಿದ ಚಲನ್ ನೋಡಬೇಕು, ನೋಡುವಾಗ ಏನು ನೋಡಬೇಕು, ಇದನ್ನು ಕಲಿಸಿ.

ಬೆಳ್ಳಂದೂರು_ಎಫ್‌ಎಂ
ಅಕ್ಕ ಹೇಳಿದ್ದಕ್ಕೆ ನೂರಕ್ಕೆ ನೂರು ಒಪ್ಪಿಗೆ. ಕ್ಲೈಂಟ್‌ನಿಂದ ಬರುವ ದೂರುಗಳಲ್ಲಿ ಜಾಸ್ತಿ ಇರುವುದು ವಾಶ್‌ರೂಮ್ ಮತ್ತು ಎಸಿ. ಟ್ರಾನ್ಸ್‌ಫಾರ್ಮರ್ ಬಗ್ಗೆ ಯಾರೂ ಮೇಲ್ ಮಾಡಲ್ಲ.

ಹುಬ್ಬಳ್ಳಿ_ಡಿಪ್ಲೊಮಾ
ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿದವನು. ಡಿಗ್ರಿ ಇಲ್ಲ. ಟೆಕ್ನಿಷಿಯನ್ ಆಗಿ ಸೇರಿ, ಶಿಫ್ಟ್ ಇನ್‌ಚಾರ್ಜ್ ಆಗಿ, ಈಗ ಎರಡು ಕಟ್ಟಡ ನೋಡಿಕೊಳ್ಳುತ್ತೇನೆ. ನನ್ನ ಜೊತೆಗಿರುವವರಲ್ಲಿ ಬಹಳ ಜನ ಐಟಿಐ ಇಲ್ಲವೇ ಡಿಪ್ಲೊಮಾ. ಸ್ನಾತಕೋತ್ತರ ಅಂತ ಬೋರ್ಡ್ ಹಾಕಿದ ತಕ್ಷಣ ನಮಗೆಲ್ಲ ಬಾಗಿಲು ಮುಚ್ಚಿತು.

ಹಿಂದೆ ನಮ್ಮಂಥವರಿಗೆ ಎಎಂಐಇ ಅಂತ ಒಂದು ದಾರಿ ಇತ್ತು. ಕೆಲಸ ಮಾಡುತ್ತಲೇ ಬರೆದು ಬಿಇಗೆ ಸಮ ಆಗಬಹುದಿತ್ತು. 2013ರ ಮೇ 31ರ ನಂತರ ಸೇರಿದವರಿಗೆ ಕೇಂದ್ರ ಸರ್ಕಾರದ ಆ ಮಾನ್ಯತೆ ಇಲ್ಲ. ಈಗ ಎಂಬಿಎ ಮುಗಿಸಿ ಬಂದ ಹುಡುಗರು ನಮಗೆ ಮ್ಯಾನೇಜರ್ ಆಗುತ್ತಾರೆ, ಅವರಿಗೆ ಎಟಿಎಸ್ ಪ್ಯಾನೆಲ್ (ಕರೆಂಟ್ ಹೋದಾಗ ಜನರೇಟರ್‌ಗೆ ತಾನೇ ಬದಲಾಯಿಸುವುದು) ಹೇಗೆ ಬದಲಾಗುತ್ತದೆ ಅಂತ ನಾವು ಕಲಿಸುತ್ತೇವೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನಮಗೂ ಮೇಲೆ ಹೋಗಲು ಒಂದು ಮೆಟ್ಟಿಲು ಬೇಕು, ಅಲ್ವಾ?

ತುಮಕೂರು_ಮೇಷ್ಟ್ರು
ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಪದವಿ ಇಲ್ಲದವರನ್ನು ಸ್ನಾತಕೋತ್ತರಕ್ಕೆ ಸೇರಿಸಿಕೊಳ್ಳಲು ವಿಶ್ವವಿದ್ಯಾಲಯಕ್ಕೆ ಕಾನೂನಿನಲ್ಲಿ ಅವಕಾಶ ಇಲ್ಲ. ಸೇರಿಸಿಕೊಂಡರೆ ಎಲ್ಲರ ಪದವಿಗೂ ಕುತ್ತು.

ಹುಬ್ಬಳ್ಳಿ_ಡಿಪ್ಲೊಮಾ
ಕಾನೂನು ಮುರಿಯಿರಿ ಅಂತ ನಾನು ಕೇಳಲಿಲ್ಲ ಸರ್. ಅದೇ ಪಾಠ ನಮಗೂ ಸಿಗುವ ದಾರಿ ಹುಡುಕಿ ಅಂತ ಕೇಳುತ್ತಿದ್ದೇನೆ.

ಚಿಲ್ಲರ್_ಪ್ಲಾಂಟ್
ಡಿಪ್ಲೊಮಾ ಅಣ್ಣನ ಪರ ನನ್ನ ಓಟು. ಈ ಕಸುಬಿನ ಬುದ್ಧಿಯೆಲ್ಲ ಅವರ ಹತ್ತಿರವೇ ಇದೆ. ಅವರನ್ನು ಹೊರಗಿಟ್ಟು ತರಗತಿ ಮಾಡಿದರೆ ಚರ್ಚೆ ಬರೀ ಪವರ್‌ಪಾಯಿಂಟ್ ಆಗುತ್ತದೆ.

ಪಠ್ಯದ_ಮೇಜು
ಒಂದು ಸಾಧ್ಯತೆ ಇದೆ. ಕೋರ್ಸನ್ನು ಚಿಕ್ಕ ಚಿಕ್ಕ ಮಾಡ್ಯೂಲ್ ಆಗಿ ಒಡೆದು, ಕೆಲವನ್ನು ಡಿಪ್ಲೊಮಾದವರಿಗೆ ಪದವಿಯ ಕೆಳಗಿನ ಮಟ್ಟದ ಸರ್ಟಿಫಿಕೇಟ್ ಆಗಿ ಕೊಡುವುದು. 2021ರಲ್ಲಿ ಬಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ ಆ ಕ್ರೆಡಿಟ್‌ಗಳನ್ನು ಏಳು ವರ್ಷದವರೆಗೆ ಇಟ್ಟುಕೊಳ್ಳಬಹುದು. ಮುಂದೆ ಪದವಿಗೆ ಸೇರಿದಾಗ ಅಲ್ಲಿಯ ನಿಯಮ ಒಪ್ಪಿದಷ್ಟು ಬಳಸಬಹುದು. ಲೈವ್ ಚರ್ಚೆಯಲ್ಲಿ ಎರಡೂ ಗುಂಪನ್ನು ಒಟ್ಟಿಗೆ ಕೂರಿಸಲು ಯಾವ ನಿಯಮವೂ ಅಡ್ಡ ಬರುವುದಿಲ್ಲ. ಇದನ್ನು ಮುಂದಿನ ಸಭೆಯಲ್ಲಿ ಇಡುತ್ತೇನೆ.

ಉಡುಪಿ_ಟು_ದುಬೈ
ಈಗ ನನ್ನ ಪ್ರಶ್ನೆ. ಪದವಿ ಬೇಕೇ ಬೇಕಾ? ಇಲ್ಲಿ ಕೊಲ್ಲಿಯಲ್ಲಿ ಕೆಲಸದ ಜಾಹೀರಾತಿನಲ್ಲಿ ಕೇಳುವುದು ಇಫ್ಮಾದ ಸಿಎಫ್‌ಎಂ ಇಲ್ಲವೇ ಎಫ್‌ಎಂಪಿ ಸರ್ಟಿಫಿಕೇಟ್. ಇಫ್ಮಾ ಅಂದರೆ 1980ರಲ್ಲಿ ಅಮೆರಿಕದಲ್ಲಿ ಶುರುವಾದ ಸಂಘ. ಎಫ್‌ಎಂಪಿಯಲ್ಲಿ ನಾಲ್ಕೇ ಕೋರ್ಸ್: ಕಾರ್ಯಾಚರಣೆ ಮತ್ತು ಮೇಂಟೆನೆನ್ಸ್, ಪ್ರಾಜೆಕ್ಟ್, ಹಣಕಾಸು, ನಾಯಕತ್ವ. ಇದರ ಜೊತೆ ಫೆಸಿಲಿಟಿ ಮ್ಯಾನೇಜ್‌ಮೆಂಟ್‌ನ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 41001 ಗೊತ್ತಿದ್ದರೆ ಇಂಟರ್‌ವ್ಯೂನಲ್ಲಿ ಮರ್ಯಾದೆ. 2018ರ ಆ ಮಾನದಂಡ ಬಂದ ಮೇಲೆ ದೊಡ್ಡ ಗುತ್ತಿಗೆಗಳಲ್ಲಿ ಅದರ ಮಾತು ಬಂದೇ ಬರುತ್ತದೆ.

ಇನ್ನೊಂದು ವಿಷಯ. ಭಾರತದ ಆನ್‌ಲೈನ್ ಪದವಿ ಹಿಡಿದು ಇಲ್ಲಿಗೆ ಬಂದರೆ ಅಟೆಸ್ಟೇಷನ್, ಈಕ್ವಿವಲೆನ್ಸಿ ಅಂತ ಓಡಾಟ ಬಹಳ. ಆನ್‌ಲೈನ್ ಪದವಿ ಅಂದರೆ ಇನ್ನೂ ಹತ್ತು ಪ್ರಶ್ನೆ ಹೆಚ್ಚಿಗೆ ಕೇಳುತ್ತಾರೆ.

ಆಸ್ಪತ್ರೆ_ಎಂಜಿನಿಯರ್
ಸರ್ಟಿಫಿಕೇಟ್‌ಗೆ ಡಾಲರ್‌ನಲ್ಲಿ ಶುಲ್ಕ ಕಟ್ಟಬೇಕು. ದುಬೈ ಸಂಬಳಕ್ಕೆ ಅದು ಸರಿ. ಮಂಗಳೂರಿನ ಆಸ್ಪತ್ರೆ ಎಂಜಿನಿಯರ್ ಸಂಬಳಕ್ಕೆ? ಮತ್ತೆ ಇಲ್ಲಿ ಬಡ್ತಿ ಕೊಡುವಾಗ ಎಚ್‌ಆರ್ ಕೇಳುವುದು ಮಾಸ್ಟರ್ಸ್ ಇದೆಯಾ ಅಂತ. ನಮ್ಮಲ್ಲಿ ಎರಡಕ್ಕೂ ಜಾಗ ಇದೆ.

ನ್ಯೂಯಾರ್ಕ್‌ನ ಪ್ರಾಟ್, ಹಾಂಗ್‌ಕಾಂಗ್‌ನ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯ ಇವೆಲ್ಲ ಫೆಸಿಲಿಟಿ ಮ್ಯಾನೇಜ್‌ಮೆಂಟ್‌ಗೇ ಸ್ನಾತಕೋತ್ತರ ಪದವಿ ನಡೆಸಿವೆ. ಇಷ್ಟು ಕಟ್ಟಡ ಇರುವ ನಮ್ಮ ರಾಜ್ಯದಲ್ಲಿ ಒಂದು ಗಟ್ಟಿ ಕೋರ್ಸ್ ಇರಲಿ ಅನ್ನುವುದರಲ್ಲಿ ತಪ್ಪೇನಿದೆ?

ಉಡುಪಿ_ಟು_ದುಬೈ
ತಪ್ಪು ಅಂತ ಅಲ್ಲ. ಇಫ್ಮಾದ ಪಠ್ಯಕ್ಕೆ ಹೊಂದಿಕೊಳ್ಳುವ ಹಾಗೆ ಮಾಡಿ, ಎರಡೂ ಪರೀಕ್ಷೆಗೆ ಒಂದೇ ಓದು ಸಾಕಾಗಲಿ. ಅಷ್ಟೇ ನನ್ನ ಮಾತು.

ನೈಟ್‌ಶಿಫ್ಟ್
ಮಾನ್ಯತೆ ಬಗ್ಗೆ ಯಾರೂ ಕೇಳಲಿಲ್ಲ. ನಮ್ಮ ಮೈಸೂರಿನ ಮುಕ್ತ ವಿಶ್ವವಿದ್ಯಾಲಯಕ್ಕೆ 2013ರಿಂದ ಮಾನ್ಯತೆ ಇಲ್ಲ ಅಂತ ಯುಜಿಸಿ ಹೇಳಿದಾಗ ಎಷ್ಟು ಮನೆಗಳಲ್ಲಿ ನಿದ್ದೆ ಹೋಗಿತ್ತು! 2018ರಲ್ಲಿ ಮಾನ್ಯತೆ ಮತ್ತೆ ಬಂತು. ಮಧ್ಯದ ವರ್ಷಗಳಲ್ಲಿ ಓದಿದವರ ಪಾಡು ಕೇಳಬೇಡಿ. ನನ್ನ ಕಸಿನ್ ಒಬ್ಬ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಲು ಆಗದೆ ಕೂತಿದ್ದ.

ತುಮಕೂರು_ಮೇಷ್ಟ್ರು
ಅದಕ್ಕೇ ಸೇರುವ ಮೊದಲು ಯುಜಿಸಿಯ ದೂರಶಿಕ್ಷಣ ವಿಭಾಗದ ಜಾಲತಾಣದಲ್ಲಿ ಆ ವರ್ಷದ ಪಟ್ಟಿ ನೋಡಬೇಕು. ವಿಶ್ವವಿದ್ಯಾಲಯದ ಹೆಸರು ಇದ್ದರೆ ಸಾಲದು, ಆ ಕೋರ್ಸಿನ ಹೆಸರೂ ಇರಬೇಕು. ಈಗ ಡೆಬ್ ಐಡಿ (ಆ ವಿಭಾಗದಲ್ಲಿ ವಿದ್ಯಾರ್ಥಿ ಪಡೆಯುವ ಗುರುತು ಸಂಖ್ಯೆ) ಇಲ್ಲದೆ ಸೇರಿಸಿಕೊಳ್ಳುವುದೂ ಇಲ್ಲ. ಮಾನ್ಯತೆ ಇರುವ ಆನ್‌ಲೈನ್ ಪದವಿ ಮತ್ತು ಕಾಲೇಜಿಗೆ ಹೋಗಿ ಪಡೆದ ಪದವಿ ಎರಡೂ ಸಮ ಅಂತ 2022ರಲ್ಲಿ ಯುಜಿಸಿ ಸ್ಪಷ್ಟವಾಗಿ ಹೇಳಿದೆ. ಇದನ್ನು ಎಚ್‌ಆರ್‌ನವರಿಗೆ ತೋರಿಸಿ.

ನಾನು ಕೇಳಬೇಕಿರುವುದು ಬೇರೆ. ಪಾಠ ಮಾಡುವವರು ಯಾರು? ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಹಲವು ವರ್ಷ ಪಾಠ ಮಾಡಿದ್ದೇನೆ. ರೆಫ್ರಿಜರೇಷನ್ ಸೈಕಲ್ ಬೋರ್ಡಿನ ಮೇಲೆ ಬಿಡಿಸಬಲ್ಲೆ. ಕೂಲಿಂಗ್ ಟವರ್ ಫ್ಯಾನ್ ಬೆಲ್ಟ್ ರಾತ್ರಿ ಹರಿದರೆ ಕ್ಲೈಂಟ್‌ಗೆ ಏನು ಹೇಳಬೇಕು ಅನ್ನುವುದನ್ನು ನನ್ನಂಥವರು ಕಲಿಸಲು ಆಗುವುದಿಲ್ಲ. 2022ರಲ್ಲಿ ಯುಜಿಸಿ ಪ್ರೊಫೆಸರ್ ಆಫ್ ಪ್ರಾಕ್ಟೀಸ್ ಅಂತ ಒಂದು ಹುದ್ದೆ ತಂದಿದೆ. 15 ವರ್ಷದ ಅನುಭವ ಇದ್ದರೆ ಪಿಎಚ್‌ಡಿ ಇಲ್ಲದಿದ್ದರೂ ಪಾಠ ಮಾಡಬಹುದು. ಅದರಲ್ಲಿ ಇಲ್ಲಿಯವರನ್ನೇ ಕರೆದುಕೊಳ್ಳಿ.

ಬೆಳ್ಳಂದೂರು_ಎಫ್‌ಎಂ
ಮೇಷ್ಟ್ರೇ, ನೀವೂ ಬೇಕು. ಸೈಟ್‌ನವರಿಗೆ ಏನು ಮಾಡಬೇಕು ಗೊತ್ತು, ಯಾಕೆ ಅನ್ನುವುದನ್ನು ಬಿಡಿಸಿ ಹೇಳಲು ಬರುವುದಿಲ್ಲ. ಒಂದು ಪಾಠಕ್ಕೆ ಇಬ್ಬರು ಕೂತರೆ ಚೆನ್ನಾಗಿರುತ್ತದೆ.

ಫೈರ್‌ಪಂಪ್_ರೂಮ್
ಕರಡಿನಲ್ಲಿ ಅಗ್ನಿ ಸುರಕ್ಷತೆ ಅನ್ನುವ ಪದವೇ ಇಲ್ಲ. ನೋಡಿ ಎದೆ ಧಸಕ್ಕೆಂದಿತು.

2010ರ ಫೆಬ್ರವರಿ 23. ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್ಟನ್ ಟವರ್ಸ್. ಒಂಬತ್ತು ಜನ ಸತ್ತರು. ಹೊಗೆ ತಾಳಲಾರದೆ ಕಿಟಕಿಯಿಂದ ಹಾರಿದವರಿದ್ದರು. ತುರ್ತು ದಾರಿಗಳು ಮುಚ್ಚಿದ್ದವು ಅನ್ನುವುದು ಆಗ ಇಡೀ ಊರು ಮಾತಾಡಿದ ವಿಷಯ. ಮರು ವರ್ಷ ಡಿಸೆಂಬರ್‌ನಲ್ಲಿ ಕೋಲ್ಕತ್ತದ ಒಂದು ಆಸ್ಪತ್ರೆಯಲ್ಲಿ ನೆಲಮಾಳಿಗೆಯಿಂದ ಎದ್ದ ಹೊಗೆ ರಾತ್ರಿ ವಾರ್ಡ್‌ಗಳಿಗೆ ತುಂಬಿ ಎಷ್ಟೊಂದು ರೋಗಿಗಳು ಹೋದರು. ಎರಡರಲ್ಲೂ ಜೀವ ತೆಗೆದದ್ದರಲ್ಲಿ ಹೊಗೆಯ ಪಾಲೇ ದೊಡ್ಡದು. ಪೈಪ್, ಕೇಬಲ್ ಹೋಗುವ ಶಾಫ್ಟ್‌ಗಳನ್ನು ಮುಚ್ಚಿ ಸೀಲ್ ಮಾಡುವುದು, ನೆಲಮಾಳಿಗೆಯಲ್ಲಿ ಸಾಮಾನು ತುಂಬದಂತೆ ನೋಡಿಕೊಳ್ಳುವುದು, ಮೆಟ್ಟಿಲಿನ ಬಾಗಿಲು ತೆರೆಯುವಂತೆ ಇಡುವುದು ಯಾರ ಕೆಲಸ? ನಮ್ಮದು.

ಈಗಲೂ ಸೆಕ್ಯುರಿಟಿಯವರು ಕಳ್ಳತನ ಆಗುತ್ತೆ ಅಂತ ಟೆರೇಸ್ ಬಾಗಿಲಿಗೆ ಬೀಗ ಹಾಕುತ್ತಾರೆ. ಫೈರ್ ಪಂಪ್ ಆಟೋದಿಂದ ಮ್ಯಾನ್ಯುಯಲ್‌ಗೆ ತಿರುಗಿಸಿ ಬಿಟ್ಟಿರುತ್ತಾರೆ, ಯಾಕೆಂದರೆ ಜಾಕಿ ಪಂಪ್ (ಲೈನಿನ ಒತ್ತಡ ಕಾಯುವ ಚಿಕ್ಕ ಪಂಪ್) ಪದೇ ಪದೇ ಓಡಿ ಶಬ್ದ ಮಾಡುತ್ತದೆ. ಲೈನ್‌ನಲ್ಲಿ ಸೋರಿಕೆ ಇದೆ ಅಂತ ಅದು ಹೇಳುತ್ತಿರುತ್ತದೆ. ಸೋರಿಕೆ ಹುಡುಕದೆ ಪಂಪಿನ ಬಾಯಿ ಮುಚ್ಚಿಸುತ್ತಾರೆ. ನಿಮ್ಮ ವಿದ್ಯಾರ್ಥಿಗೆ ಮೊದಲ ತಿಂಗಳ ಕೆಲಸ ಇದೇ ಕೊಡಿ: ತನ್ನ ಕಟ್ಟಡದ ಪ್ರತಿ ಮೆಟ್ಟಿಲನ್ನೂ ಮೇಲಿನಿಂದ ಕೆಳಗೆ ಇಳಿದು, ಯಾವ ಬಾಗಿಲು ತೆರೆಯುತ್ತದೆ, ಎಲ್ಲಿ ಹಳೆ ಕುರ್ಚಿ ಇಟ್ಟಿದ್ದಾರೆ ಅಂತ ಬರೆದು ತರಲಿ. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ನಾಲ್ಕನೇ ಭಾಗ ಅಗ್ನಿ ಸುರಕ್ಷತೆಯದ್ದು. ಹನ್ನೆರಡನೇ ಭಾಗ ಪೂರ್ತಿ ಆಸ್ತಿ ಮತ್ತು ಫೆಸಿಲಿಟಿ ನಿರ್ವಹಣೆಗೇ ಇದೆ. ಈ ಎರಡನ್ನು ಓದದೆ ಪದವಿ ಕೊಡಬೇಡಿ.

ಪಠ್ಯದ_ಮೇಜು
ಅಗ್ನಿ ಸುರಕ್ಷತೆ ಕಟ್ಟಡ ಸೇವೆಗಳ ಒಳಗೆ ಒಂದು ಘಟಕವಾಗಿ ಇತ್ತು. ಅದನ್ನು ಬೇರೆ ವಿಷಯ ಮಾಡಿ ಮೊದಲ ಸೆಮಿಸ್ಟರ್‌ಗೆ ತರುತ್ತೇನೆ. ಮೆಟ್ಟಿಲು ಇಳಿಯುವ ಅಸೈನ್‌ಮೆಂಟ್ ಹಾಗೇ ಬರುತ್ತದೆ.

ಆಸ್ಪತ್ರೆ_ಎಂಜಿನಿಯರ್
ಆಸ್ಪತ್ರೆಗೆ ಬೇರೆ ಐಚ್ಛಿಕ ವಿಷಯ ಬೇಕು. ಆಪರೇಷನ್ ಥಿಯೇಟರ್‌ಗೆ ಗಂಟೆಗೆ 20 ಸಲ ಗಾಳಿ ಬದಲಾಗಬೇಕು, ಒಳಗಿನ ಒತ್ತಡ ಹೊರಗಿಗಿಂತ ಜಾಸ್ತಿ ಇರಬೇಕು. ಮೆಡಿಕಲ್ ಗ್ಯಾಸ್ ಇದೆ, ಎನ್‌ಎಬಿಎಚ್ (ಆಸ್ಪತ್ರೆ ಗುಣಮಟ್ಟದ ಮಾನ್ಯತೆ) ಆಡಿಟ್ ಇದೆ. ಟೆಕ್ ಪಾರ್ಕ್‌ನ ಪಾಠ ಓದಿ ಇಲ್ಲಿಗೆ ಬಂದರೆ ಸಾಲದು.

ಅಸೋಸಿಯೇಷನ್_ಕಾರ್ಯದರ್ಶಿ
ಅಪಾರ್ಟ್‌ಮೆಂಟ್‌ನವರನ್ನೂ ಮರೆಯಬೇಡಿ. ನಾನು ನಮ್ಮ ಅಸೋಸಿಯೇಷನ್‌ನಲ್ಲಿದ್ದೇನೆ. ಎಸ್ಟೇಟ್ ಮ್ಯಾನೇಜರ್ ಸಿಗುವುದೇ ಕಷ್ಟ. 2024ರ ಬೇಸಿಗೆಯಲ್ಲಿ ನೀರಿಲ್ಲದೆ ಒದ್ದಾಡಿದಾಗ ಜಲಮಂಡಳಿ ನಲ್ಲಿಗಳಿಗೆ ಏರೇಟರ್ ಹಾಕಿ ಅಂತ ಆದೇಶ ಮಾಡಿತು, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ ದಂಡ ಅಂತು. ಎಸ್‌ಟಿಪಿಯಲ್ಲಿ ಶುದ್ಧ ಮಾಡಿದ ಕೊಳಚೆ ನೀರನ್ನು ಫ್ಲಶ್‌ಗೆ ಬಳಸೋಣ ಅಂದರೆ ವಾಸನೆ ಅಂತ ಎಲ್ಲರೂ ಬೇಡ ಅಂದರು. ನಮ್ಮ ಮ್ಯಾನೇಜರ್‌ಗೆ ವಾಸನೆ ಯಾಕೆ ಬರುತ್ತದೆ ಅಂತ ವಿವರಿಸಲು ಆಗಲಿಲ್ಲ.

ಬೆಳ್ಳಂದೂರು_ಎಫ್‌ಎಂ
ರಾತ್ರಿ ಎಸ್‌ಟಿಪಿಗೆ ಗಾಳಿ ಊದುವ ಬ್ಲೋವರ್ ಆಫ್ ಮಾಡುತ್ತಾರಾ ನಿಮ್ಮಲ್ಲಿ?

ಅಸೋಸಿಯೇಷನ್_ಕಾರ್ಯದರ್ಶಿ
ಹೌದು. ಕೆಳಗಿನ ಮನೆಯವರು ಶಬ್ದ ಅಂತ ದೂರು ಕೊಟ್ಟರು. ಕರೆಂಟ್ ಬಿಲ್ಲೂ ಉಳಿಯುತ್ತೆ ಅಂತ.

ಬೆಳ್ಳಂದೂರು_ಎಫ್‌ಎಂ
ಅಲ್ಲೇ ಇದೆ ನೋಡಿ. ಕೊಳೆ ತಿನ್ನುವ ಬ್ಯಾಕ್ಟೀರಿಯಾಕ್ಕೆ ಗಾಳಿ ಬೇಕು. ರಾತ್ರಿಯಿಡೀ ಗಾಳಿ ಇಲ್ಲದಿದ್ದರೆ ಅವು ಸಾಯುತ್ತವೆ, ಗಾಳಿ ಬೇಡದವು ಬೆಳೆಯುತ್ತವೆ. ಕೊಳೆತ ಮೊಟ್ಟೆಯ ವಾಸನೆ ಅವುಗಳದ್ದು. ಬ್ಲೋವರ್‌ಗೆ ಶಬ್ದ ತಡೆಯುವ ಕವಚ ಹಾಕಿಸಿ, ನಿಲ್ಲಿಸಬೇಡಿ. ಸರಿಹೋಗಲು ಕೆಲವು ವಾರ ಬೇಕು, ತಾಳ್ಮೆ ಇರಲಿ.

ಸಾಫ್ಟ್‌ಸರ್ವಿಸ್_ಅಕ್ಕ
ಎಸ್‌ಟಿಪಿ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಆ ವಾಸನೆಯ ಗಾಳಿಯೇ ಜನರನ್ನು ಕೊಲ್ಲುತ್ತದೆ. ಟ್ಯಾಂಕ್ ಒಳಗೆ ಒಬ್ಬ ಇಳಿದು ಬೀಳುತ್ತಾನೆ, ಅವನನ್ನು ಎತ್ತಲು ಇನ್ನೊಬ್ಬ ಇಳಿಯುತ್ತಾನೆ, ಇಬ್ಬರೂ ಹೋಗುತ್ತಾರೆ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಬಂದ ಮೇಲೂ ಪೇಪರ್‌ನಲ್ಲಿ ಇಂಥ ಸುದ್ದಿ ನಿಂತಿಲ್ಲ. ಇಳಿಯಬೇಡ ಅಂತ ಹೇಳುವ ಅಧಿಕಾರ ಮತ್ತು ಧೈರ್ಯ ಎರಡೂ ಮ್ಯಾನೇಜರ್‌ಗೆ ಬೇಕು. ಗ್ಯಾಸ್ ಡಿಟೆಕ್ಟರ್ ಹಿಡಿಯುವುದು, ಪರ್ಮಿಟ್ ಬರೆಯುವುದು, ಯಂತ್ರದಿಂದ ಶುಚಿ ಮಾಡುವವರನ್ನು ಕರೆಸುವುದು ಎಲ್ಲವನ್ನೂ ಪಾಠದಲ್ಲಿ ಸೇರಿಸಿ. ಇದರಲ್ಲಿ ಫೇಲಾದವರಿಗೆ ಪದವಿ ಕೊಡಬೇಡಿ.

ಮಾಲ್_ಆಪರೇಷನ್ಸ್
ಹಣಕಾಸು ವಿಷಯದಲ್ಲಿ ಏನಿದೆ? ಬ್ಯಾಲೆನ್ಸ್ ಶೀಟ್ ಓದುವುದನ್ನು ಕಲಿಸಿ ಬಿಟ್ಟರೆ ನಮಗೆ ಉಪಯೋಗ ಕಡಿಮೆ. ನನಗೆ ಬೇಕಿರುವುದು ಇದು: ಹಳೆ ಚಿಲ್ಲರ್ ಇದೆ. ಅದರಲ್ಲಿ ಓಝೋನ್ ಪದರಕ್ಕೆ ಹಾನಿ ಮಾಡುವ ಆರ್-22 ಗ್ಯಾಸ್. ಮಾಂಟ್ರಿಯಲ್ ಒಪ್ಪಂದದ ಪ್ರಕಾರ 2030ರ ಹೊತ್ತಿಗೆ ಆ ಗ್ಯಾಸ್ ಬಳಕೆ ಹೆಚ್ಚುಕಡಿಮೆ ನಿಲ್ಲಬೇಕು. ರಿಪೇರಿ ಮಾಡಿಸಬೇಕಾ, ಹೊಸದು ತರಬೇಕಾ? ಹೊಸದಕ್ಕೆ ಇಷ್ಟು ಹಣ, ವರ್ಷಕ್ಕೆ ಕರೆಂಟ್ ಇಷ್ಟು ಉಳಿತಾಯ, ಇಂದಿನ ಬೆಲೆಗೆ ತಂದರೆ ಎಷ್ಟು ಅಂತ ಒಂದು ಪುಟದಲ್ಲಿ ಮಾಲೀಕರ ಮುಂದೆ ಇಡಲು ಬರಬೇಕು. ಹತ್ತು ವರ್ಷದ ಆಸ್ತಿ ಪಟ್ಟಿ ಮತ್ತು ಬದಲಾವಣೆಯ ಯೋಜನೆಯನ್ನೇ ಕೊನೆಯ ಪ್ರಾಜೆಕ್ಟ್ ಮಾಡಿ. ಮತ್ತೆ ಬೆಸ್ಕಾಂ ಎಚ್‌ಟಿ ಬಿಲ್ಲನ್ನು ಸಾಲು ಸಾಲಾಗಿ ಬಿಡಿಸಿ ಹೇಳಿಕೊಡಿ. ಡಿಮ್ಯಾಂಡ್ ಚಾರ್ಜ್ ಏನು, ಪವರ್ ಫ್ಯಾಕ್ಟರ್ ಕುಸಿದರೆ ಏನಾಗುತ್ತದೆ.

ಬೆಳ್ಳಂದೂರು_ಎಫ್‌ಎಂ
ಇದರ ಜೊತೆ ಅಪಾಯದ ಲೆಕ್ಕವೂ ಇರಲಿ. 2022ರ ಸೆಪ್ಟೆಂಬರ್‌ನಲ್ಲಿ ಹೊರ ವರ್ತುಲ ರಸ್ತೆ ಮುಳುಗಿದಾಗ ಬೇಸ್‌ಮೆಂಟ್‌ನಲ್ಲಿ ಪಂಪ್, ಪ್ಯಾನೆಲ್, ಬ್ಯಾಟರಿ ಇಟ್ಟಿದ್ದವರೆಲ್ಲ ಕಣ್ಣೀರು ಹಾಕಿದರು. ಕಟ್ಟಡ ಕಟ್ಟುವಾಗ ನಮ್ಮನ್ನು ಯಾರೂ ಕೇಳುವುದಿಲ್ಲ, ಮುಳುಗಿದಾಗ ಕೇಳುತ್ತಾರೆ. ವಿನ್ಯಾಸದ ನಕ್ಷೆ ಓದಿ ಆರ್ಕಿಟೆಕ್ಟ್ ಜೊತೆ ಕೂತು ಮಾತಾಡುವಷ್ಟು ಕಲಿಸಿ.

ನೈಟ್‌ಶಿಫ್ಟ್
ಒಂದು ಅನುಮಾನ. ಕಟ್ಟಡವೇ ಪ್ರಯೋಗಶಾಲೆ ಅಂದಿರಿ. ಕೋರ್ಸ್ ಮಧ್ಯದಲ್ಲಿ ನನ್ನನ್ನು ಬೇರೆ ಸೈಟ್‌ಗೆ ಹಾಕಿದರೆ? ಟೆಂಡರ್‌ನಲ್ಲಿ ನಮ್ಮ ಕಂಪನಿ ಸೋತರೆ?

ಉಡುಪಿ_ಟು_ದುಬೈ
ಒಳ್ಳೆ ಪ್ರಶ್ನೆ. ನಮ್ಮ ಕಸುಬಿನಲ್ಲಿ ಇದು ಮಾಮೂಲು.

ಚಿಲ್ಲರ್_ಪ್ಲಾಂಟ್
ಸೆಮಿಸ್ಟರ್‌ಗೆ ಒಂದು ಕಟ್ಟಡ ಅಂತ ಮಾಡಿ. ಬದಲಾದರೆ ಎರಡು ಕಟ್ಟಡ ಹೋಲಿಸುವ ಅವಕಾಶ. ಕಟ್ಟಡವೇ ಇಲ್ಲದ ಕೆಲವು ತಿಂಗಳಿಗೆ ವಿಶ್ವವಿದ್ಯಾಲಯದ ಸ್ವಂತ ಕ್ಯಾಂಪಸ್ ಇದೆಯಲ್ಲ? ಅದರ ಹಾಸ್ಟೆಲ್, ಗ್ರಂಥಾಲಯ, ನೀರಿನ ಟ್ಯಾಂಕ್, ಡಿಜಿ ಎಲ್ಲದರ ಮಾಹಿತಿಯನ್ನು ವಿದ್ಯಾರ್ಥಿಗಳಿಗೆ ತೆರೆದಿಡಿ. ಕ್ಯಾಂಪಸ್‌ಗೂ ಲಾಭ.

ತುಮಕೂರು_ಮೇಷ್ಟ್ರು
ಇದು ಬಹಳ ಇಷ್ಟವಾಯಿತು. ನಮ್ಮ ಕ್ಯಾಂಪಸ್‌ಗಳ ಮೇಂಟೆನೆನ್ಸ್ ನೋಡಿದರೆ ಕಲಿಯಲು ಬೇಕಾದಷ್ಟು ಸಿಗುತ್ತದೆ. ಪರೀಕ್ಷೆಯ ಬಗ್ಗೆಯೂ ಒಂದು ಮಾತು: ನಿಗಾ ಇಟ್ಟ ಪರೀಕ್ಷೆ ನಿಯಮಕ್ಕೆ ಬೇಕೇ ಬೇಕು, ಇರಲಿ. ಅದರ ಜೊತೆ ವಿದ್ಯಾರ್ಥಿ ಫೋನ್ ಕ್ಯಾಮೆರಾ ಹಿಡಿದು ತನ್ನ ಪಂಪ್ ರೂಮಿನಲ್ಲಿ ನಡೆಯುತ್ತಾ ವಿವರಿಸುವ ವೈವಾ ಇಡಿ. ಪಾಸಿಂಗ್ ಪ್ಯಾಕೇಜ್ ಓದಿದವನು ಅಲ್ಲಿ ನಿಲ್ಲಲಾರ.

ಮಾಲ್_ಆಪರೇಷನ್ಸ್
ಕ್ಯಾಮೆರಾಕ್ಕೆ ಅನುಮತಿ ಸಿಗಲ್ಲ ಕೆಲವು ಕಡೆ. ಡೇಟಾ ಸೆಂಟರ್ ಅಂತೂ ಸಾಧ್ಯವೇ ಇಲ್ಲ.

ತುಮಕೂರು_ಮೇಷ್ಟ್ರು
ಹಾಗಾದರೆ ಕೈಯಲ್ಲಿ ಬಿಡಿಸಿದ ಸಿಂಗಲ್ ಲೈನ್ ಡಯಾಗ್ರಾಂ (ಕಟ್ಟಡದ ಕರೆಂಟ್ ಹಾದಿಯ ನಕ್ಷೆ) ಇಟ್ಟುಕೊಂಡು ವೈವಾ. ತನ್ನ ಪ್ಯಾನೆಲ್ ನೋಡಿದವನಿಗೆ ಮಾತ್ರ ಅದು ಬರುವುದು.

ಹುಬ್ಬಳ್ಳಿ_ಡಿಪ್ಲೊಮಾ
ಪಾಠ ಕನ್ನಡದಲ್ಲೂ ಇರುತ್ತಾ? ನಾವು ಕೆಲಸದಲ್ಲಿ ಮಾತಾಡುವ ಹಾಗೆ, ಪಂಪ್‌ಗೆ ಪಂಪ್, ವಾಲ್ವ್‌ಗೆ ವಾಲ್ವ್ ಅಂದುಕೊಂಡು ವಿವರಣೆ ಕನ್ನಡದಲ್ಲಿ ಸಿಕ್ಕರೆ ನಮ್ಮ ಹುಡುಗರು ಮುಂದೆ ಬರುತ್ತಾರೆ. ಕ್ಲೈಂಟ್‌ಗೆ ಇಂಗ್ಲಿಷ್‌ನಲ್ಲಿ ರಿಪೋರ್ಟ್ ಬರೆಯುವುದನ್ನು ಬೇರೆಯಾಗಿ ಕಲಿಸಿ. ಎಷ್ಟೋ ಜನ ಒಳ್ಳೆ ಕೆಲಸಗಾರರು ಆ ಒಂದು ಮೇಲ್ ಬರೆಯಲಾಗದೆ ಹಿಂದೆ ಉಳಿದಿದ್ದಾರೆ.

ಪಠ್ಯದ_ಮೇಜು
ಸರ್ಟಿಫಿಕೇಟ್ ಮಾಡ್ಯೂಲ್‌ಗಳ ವಿಡಿಯೋಗಳನ್ನು ಕನ್ನಡದಲ್ಲೇ ಮಾಡುವುದಕ್ಕೆ ನಾನು ಪಟ್ಟು ಹಿಡಿಯುತ್ತೇನೆ. ರಿಪೋರ್ಟ್ ಬರೆಯುವುದು ಎಲ್ಲರಿಗೂ ಕಡ್ಡಾಯ ಮಾಡುವ ಯೋಚನೆ ಬಂತು.

ಭಾನುವಾರದ ತರಗತಿ ಇಂದೇ ತೆಗೆದೆ. ಬುಧವಾರ ಮೂರು ಗಂಟೆ ಅಂತ ಹಾಕಿದ್ದೇನೆ. ಒಂದು ಕೋರಿಕೆ: ಹೆಸರು, ಜಾಗ ಎಲ್ಲ ಅಳಿಸಿದ ಹಳೆಯ ಲಾಗ್ ಶೀಟ್, ಪಿಪಿಎಂ (ಮೊದಲೇ ಗೊತ್ತುಮಾಡಿದ ಮೇಂಟೆನೆನ್ಸ್) ಪಟ್ಟಿ, ಘಟನೆಯ ವರದಿ ಯಾರಾದರೂ ಕೊಡಬಹುದಾ? ನಿಮ್ಮ ಕಂಪನಿಯ ಒಪ್ಪಿಗೆ ಇದ್ದರೆ ಮಾತ್ರ.

ಸಾಫ್ಟ್‌ಸರ್ವಿಸ್_ಅಕ್ಕ
ವಾಶ್‌ರೂಮ್ ಸಮಯದ ಅಳತೆ ನಾನೇ ಮಾಡಿದ್ದು. ಕೇಳಿ ನೋಡುತ್ತೇನೆ, ಒಪ್ಪಿದರೆ ಕೊಡುತ್ತೇನೆ.

ಫೈರ್‌ಪಂಪ್_ರೂಮ್
ಮೆಟ್ಟಿಲು ಪರಿಶೀಲನೆಯ ಪಟ್ಟಿ ನನ್ನದೇ ತಯಾರಿ, ಯಾರ ಅನುಮತಿಯೂ ಬೇಡ. ಇವತ್ತು ರಾತ್ರಿ ಹಾಕುತ್ತೇನೆ.

ಹುಬ್ಬಳ್ಳಿ_ಡಿಪ್ಲೊಮಾ
ಡಿಪ್ಲೊಮಾದವರ ಮಾಡ್ಯೂಲ್ ಯಾವಾಗ ಶುರು ಸರ್? ನಮ್ಮ ಸೈಟ್‌ನಲ್ಲೇ ಸೇರುವವರು ಇದ್ದಾರೆ.

ಪಠ್ಯದ_ಮೇಜು
ಮೊದಲು ಅಕಾಡೆಮಿಕ್ ಕೌನ್ಸಿಲ್ ಒಪ್ಪಬೇಕು, ದಿನಾಂಕ ಈಗಲೇ ಹೇಳಲಾರೆ. ಸಭೆಗೆ ಸೈಟ್‌ನಿಂದ ಒಬ್ಬರನ್ನು ಕರೆಯಲು ಅವಕಾಶ ಇದೆ. ನೀವು ಬರುತ್ತೀರಾ?

ಹುಬ್ಬಳ್ಳಿ_ಡಿಪ್ಲೊಮಾ
ಬರುತ್ತೇನೆ. ಭಾನುವಾರ ಮಾತ್ರ ಇಡಬೇಡಿ.